ನಾಯಿಮರಿಯನ್ನು ಮೊದಲ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮುಂಚೆ ಏನೇನು ಗೊತ್ತಿರಬೇಕು?

ನಿಮ್ಮ ಪ್ರಶ್ನೆ ಓದಿದೆ. ಎರಡು ತಿಂಗಳ ನಾಯಿಮರಿ ಬಂದಿದೆ, ಮೊದಲೇ ಒಂದು ಬೆಕ್ಕು ಇದೆ, ಮನೆಯಲ್ಲಿ ಯಾರೂ ಇದುವರೆಗೆ ಪೆಟ್ ಕ್ಲಿನಿಕ್ ಮೆಟ್ಟಿಲು ಹತ್ತಿಲ್ಲ. ಈ ಶನಿವಾರ ಎರಡನ್ನೂ ಒಟ್ಟಿಗೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೀರಿ.

ನಾನು ಬೆಂಗಳೂರಿನ ಒಂದು ಸಣ್ಣ ಪೆಟ್ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್. ಡಾಕ್ಟರ್ ಅಲ್ಲ. ತೂಕ ನೋಡುವುದು, ಜ್ವರ ನೋಡುವುದು, ಇಂಜೆಕ್ಷನ್ ಕೊಡುವಾಗ ಹಿಡಿದುಕೊಳ್ಳುವುದು, ಬಿಲ್ ಹಾಕುವುದು, ಆಮೇಲೆ ಟೇಬಲ್ ಒರೆಸುವುದು ನನ್ನ ಕೆಲಸ. ಹಾಗಾಗಿ ಔಷಧಿಗಿಂತ, ಬರುವವರ ಬಗ್ಗೆ ಜಾಸ್ತಿ ಹೇಳಬಲ್ಲೆ.

ಮೊದಲು ಶನಿವಾರ ಬಿಡಿ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಕ್ಲಿನಿಕ್ ಅಂದರೆ ಜಾತ್ರೆ. ವಾರದ ನಡುವೆ ಬೆಳಿಗ್ಗೆ ಹೋದರೆ ಡಾಕ್ಟರಿಗೂ ನಿಮ್ಮ ಮಾತು ಕೇಳುವಷ್ಟು ಪುರುಸೊತ್ತು ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ, ಕನ್ಸಲ್ಟೇಶನ್ ಎಷ್ಟು, ಲಸಿಕೆಗೆ ಎಷ್ಟು, ರಾತ್ರಿ ಹೊತ್ತು ಯಾರಾದರೂ ಇರುತ್ತಾರಾ ಅಂತ ಕೇಳಿಬಿಡಿ. ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮರಿಯನ್ನು ಕ್ಲಿನಿಕ್ ನೆಲದ ಮೇಲೆ ಇಳಿಸಬೇಡಿ. ಇದನ್ನು ಬಾಗಿಲಲ್ಲೇ ದೊಡ್ಡದಾಗಿ ಬರೆದು ಹಾಕಬೇಕು ಅಂತ ನನಗೆ ಆಸೆ. ಲಸಿಕೆ ಪೂರ್ತಿ ಆಗದ ಮರಿಗಳಿಗೆ ದೊಡ್ಡ ಶತ್ರು ಪಾರ್ವೊ ಅನ್ನುವ ವೈರಸ್ ಕಾಯಿಲೆ. ಕಾಯಿಲೆ ಬಂದ ನಾಯಿಯ ಮಲದಿಂದ ಹರಡುತ್ತದೆ. ವಾಂತಿ, ರಕ್ತಭೇದಿ ಶುರುವಾಗಿ, ಮರಿ ನೋಡನೋಡುತ್ತಲೇ ಸೊರಗಿಬಿಡುತ್ತದೆ. ಆ ವೈರಸ್ಸು ನೆಲದಲ್ಲಿ, ಮಣ್ಣಲ್ಲಿ ತಿಂಗಳುಗಟ್ಟಲೆ ಇರಬಲ್ಲದು. ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ, ಬ್ಲೀಚ್ ಬೇಕು. ನಾವು ಒರೆಸುತ್ತಲೇ ಇರುತ್ತೇವೆ. ಆದರೂ ನಿಮಗಿಂತ ಮುಂಚೆ ಆ ಜಾಗದಲ್ಲಿ ಯಾವ ನಾಯಿ ನಿಂತಿತ್ತೋ ಯಾರಿಗೆ ಗೊತ್ತು? ಒಂದು ಹಳೆ ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಕೂತವರು 'ಅಯ್ಯೋ ಎಷ್ಟು ಮುದ್ದಾಗಿದೆ' ಅಂತ ಕೈ ಚಾಚಿದರೆ, ಆಮೇಲೆ ಅಂತ ನಕ್ಕು ತಪ್ಪಿಸಿಕೊಳ್ಳಿ.

ಮರಿ ಕೊಟ್ಟವರು ಒಂದು ಲಸಿಕೆ ಪುಸ್ತಕ ಕೊಟ್ಟಿರಬಹುದು. ಅದನ್ನು ಈಗಲೇ ತೆರೆದು ನೋಡಿ. ಲಸಿಕೆ ಹಾಕಿದ ಜಾಗದಲ್ಲಿ ಔಷಧಿ ಬಾಟಲಿಯಿಂದ ಕಿತ್ತು ಅಂಟಿಸಿದ ಸಣ್ಣ ಸ್ಟಿಕ್ಕರ್ ಇದೆಯಾ? ಅದರಲ್ಲಿ ಬ್ಯಾಚ್ ನಂಬರ್, ಪಕ್ಕದಲ್ಲಿ ತಾರೀಖು, ಡಾಕ್ಟರ ಸಹಿ, ರಿಜಿಸ್ಟ್ರೇಷನ್ ನಂಬರ್ ಇರುವ ಸೀಲು ಇರಬೇಕು. ಬರೀ ಪೆನ್ನಿನಲ್ಲಿ 'ಫಸ್ಟ್ ಡೋಸ್ ಓಕೆ' ಅಂತ ಗೀಚಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಜೇಬಿನಲ್ಲಿ ಇಟ್ಟುಕೊಂಡು ತಂದು ಹಾಕಿದ ಲಸಿಕೆಯಿಂದ ಏನೂ ಪ್ರಯೋಜನ ಇಲ್ಲ.

'ಆಗಲೇ ಒಂದು ಹಾಕಿಸಿದ್ದಾರಲ್ಲ, ಮತ್ತೆ ಯಾಕೆ ಇಷ್ಟೊಂದು ಸೂಜಿ' ಅಂತ ದಿನಾ ಯಾರಾದರೂ ಕೇಳುತ್ತಾರೆ. ಕಾರಣ ಇದೆ. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಒಂದಷ್ಟು ರಕ್ಷಣೆ ಸಿಕ್ಕಿರುತ್ತದೆ. ಅದು ಇರುವವರೆಗೂ ನಾವು ಹಾಕಿದ ಲಸಿಕೆಯನ್ನು ಅದೇ ತಡೆದುಬಿಡಬಹುದು. ಯಾವ ಮರಿಯಲ್ಲಿ ಅದು ಯಾವಾಗ ಮುಗಿಯುತ್ತದೆ ಅಂತ ಹೇಳಲು ಬರುವುದಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ, 16 ವಾರ ಆಗುವವರೆಗೆ ಹಾಕುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಆ ದಾಖಲೆ ಜೋಪಾನವಾಗಿ ಇಟ್ಟುಕೊಳ್ಳಿ, ಬೆಂಗಳೂರಿನಲ್ಲಿ ನಾಯಿ ಲೈಸೆನ್ಸ್ ಮಾಡಿಸುವಾಗ ಕೇಳುತ್ತಾರೆ. ಜಂತುಹುಳದ ಔಷಧಿ ಕೊಟ್ಟಿದ್ದರೆ ಅದರ ಹೆಸರು, ತಾರೀಖು ಕೂಡ ಬರೆದಿಡಿ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯ. ಪ್ರಾಣಿಗೆ ಊಟ ಹಾಕುವವರು ಯಾರೋ, ಅವರೇ ಕ್ಲಿನಿಕ್‌ಗೆ ಬರಬೇಕು. ನಮ್ಮಲ್ಲಿ ಆಗುವುದೇ ಬೇರೆ. ಅನ್ನ ಹಾಕುವವರು ಅಜ್ಜಿ, ವಾಕಿಂಗ್ ಮಾಡಿಸುವವನು ಮಗ, ಗಾಡಿ ಓಡಿಸಲು ಬರುತ್ತದೆ ಅಂತ ಕ್ಲಿನಿಕ್‌ಗೆ ಬರುವವರು ಅಪ್ಪ. ಹೋದ ಯುಗಾದಿ ಮುಗಿದ ಮೇಲೆ ಒಬ್ಬರು ತಮ್ಮ ಲ್ಯಾಬ್ರಡಾರ್ ತಂದಿದ್ದರು. 'ಎರಡು ದಿನದಿಂದ ಏನೂ ತಿಂದಿಲ್ಲ ಡಾಕ್ಟ್ರೇ, ಬರೀ ವಾಂತಿ' ಅಂದರು. ನಾಯಿ ಬೆನ್ನು ಬಿಲ್ಲಿನಂತೆ ಬಗ್ಗಿಸಿ ನಿಂತಿತ್ತು, ಹೊಟ್ಟೆ ಮುಟ್ಟಿದರೆ ಮುಲುಗುತ್ತಿತ್ತು. ಏನಾದರೂ ನುಂಗಿರಬಹುದು ಅಂತ ಡಾಕ್ಟರ್ ಎಕ್ಸ್‌ರೇ ಮಾತು ಎತ್ತಿದರು. ಆಗ ಪಕ್ಕದಲ್ಲಿದ್ದ ಚಿಕ್ಕ ಹುಡುಗಿ, 'ಅಪ್ಪ, ಅಜ್ಜಿ ಒಬ್ಬಟ್ಟು ಕೊಟ್ರಲ್ಲ, ತುಪ್ಪ ಹಾಕಿ' ಅಂದಳು. ಎಷ್ಟು ಅಂತ ಕೇಳಿದರೆ ಎರಡೂ ಕೈಯ ಬೆರಳು ಬಿಡಿಸಿದಳು! ಡಾಕ್ಟರ್ ಮೇದೋಜೀರಕ ಗ್ರಂಥಿಯ ಕಡೆ ಯೋಚನೆ ತಿರುಗಿಸಿದರು, ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಜಿಡ್ಡು ಜಾಸ್ತಿ ತಿಂದ ನಾಯಿಗೆ ಅದು ಊದಿಕೊಳ್ಳುವುದು ಹೊಸದೇನಲ್ಲ.

ಬರಲಾಗದ ಅಜ್ಜಿಗೆ ಅಲ್ಲಿಂದಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರೂ ಆಯಿತು. ಕೊನೆಯ ಸಲ ಯಾವಾಗ ತಿಂದಿತು, ನೀರು ಎಷ್ಟು ಕುಡಿಯುತ್ತಿದೆ, ಮೋಶನ್ ಹೇಗಿದೆ, ಉಚ್ಚೆ ಸರಿಯಾಗಿ ಹೋಗುತ್ತಿದೆಯಾ. ಈ ನಾಲ್ಕಕ್ಕೆ ಉತ್ತರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಲೂಸ್ ಮೋಶನ್ ಆಗಿದ್ದರೆ ಅವತ್ತಿನದೇ ಸ್ವಲ್ಪ ಒಂದು ಡಬ್ಬಿಯಲ್ಲಿ ತನ್ನಿ, ನಮಗೆ ಅಸಹ್ಯ ಏನಿಲ್ಲ. ಕುಂಟುವುದು, ಕೆಮ್ಮು, ಫಿಟ್ಸ್ ಇದ್ದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ಮನೆಯಲ್ಲಿ ಮೂರು ಕಾಲಲ್ಲಿ ನಡೆಯುವ ನಾಯಿ ಕ್ಲಿನಿಕ್ ಬಾಗಿಲು ಕಂಡ ಕೂಡಲೇ ಭಯಕ್ಕೆ ನಾಲ್ಕೂ ಕಾಲೂರಿ ಓಡುತ್ತದೆ. ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡುತ್ತದೆ ಅಷ್ಟೇ.

ಮನೆಯಲ್ಲಿ ಏನು ಮದ್ದು ಮಾಡಿದ್ದರೂ ಮುಚ್ಚಿಡಬೇಡಿ. ಡಾಕ್ಟರ್ ಬೈಯುತ್ತಾರೆ ಅಂತ ಜನ ಹೇಳುವುದಿಲ್ಲ. ಬೈದರೆ ಬೈಸಿಕೊಳ್ಳಿ. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಬಂದರೆ ಗಾಯ ಎಷ್ಟು ಆಳ ಅಂತ ನೋಡಲು ನಾವು ಮೊದಲು ಅದನ್ನು ತೊಳೆಯಬೇಕು. ಕಜ್ಜಿಗೆ ಗಾಡಿಯ ಹಳೆ ಎಂಜಿನ್ ಆಯಿಲ್ ಹಚ್ಚುವವರು ಇನ್ನೂ ಇದ್ದಾರೆ. ಅದನ್ನು ನೆಕ್ಕಿದರೆ ವಿಷ. ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ಜ್ವರದ ಮಾತ್ರೆ. ಪ್ಯಾರಾಸಿಟಮಾಲ್, ಅಂದರೆ ಡೋಲೋ, ಕ್ರೋಸಿನ್ ಇತ್ಯಾದಿ, ಬೆಕ್ಕಿಗೆ ಒಂದೇ ಮಾತ್ರೆ ಸಾಕು ಪ್ರಾಣ ಹೋಗಲು. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಸಾಲದೆ ಒದ್ದಾಡುತ್ತದೆ. ಐಬುಪ್ರೊಫೆನ್ ಕೊಟ್ಟರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಆಗಲೇ ಕೊಟ್ಟಾಗಿದ್ದರೆ ಮಾತ್ರೆಯ ಸ್ಟ್ರಿಪ್ ಸಮೇತ ಬನ್ನಿ. ಇಲಿ ಪಾಷಾಣ ತಿಂದಿರುವ ಅನುಮಾನ ಇದ್ದರೆ ಅದರ ಪ್ಯಾಕೆಟ್ ತನ್ನಿ. ಕೆಲವು ಇಲಿ ಪಾಷಾಣಗಳಲ್ಲಿ ರಕ್ತಸ್ರಾವ ಎರಡು ಮೂರು ದಿನ ಬಿಟ್ಟು ಶುರುವಾಗುತ್ತದೆ. 'ಚೆನ್ನಾಗೇ ಇದೆಯಲ್ಲ' ಅಂತ ಕಾಯಬೇಡಿ.

ಅಂದ ಹಾಗೆ, ಮೂಗು ಒಣಗಿದರೆ ಜ್ವರ ಅಂತಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಾನು 102 ಅಂದ ಕೂಡಲೇ ಗಾಬರಿ ಬೀಳಬೇಡಿ. ಅಳೆಯುವುದು ಬಾಲದ ಕೆಳಗಿನಿಂದ. ಅದನ್ನು ನೋಡಿಯೂ ಗಾಬರಿ ಬೀಳಬೇಡಿ.

ಮೂತಿಗೆ ಬಟ್ಟೆ ಕಟ್ಟಿದರೆ ಕೆಲವರಿಗೆ ಅವಮಾನ. 'ನಮ್ಮ ಬ್ರೂನೋ ಯಾರಿಗೂ ಕಚ್ಚಲ್ಲ.' ನೋವಿದ್ದಾಗ ಬ್ರೂನೋ ನಿಮಗೇ ಕಚ್ಚುತ್ತಾನೆ. ಮೊದಲೇ ಕಚ್ಚಿದ ಅಭ್ಯಾಸ ಇದ್ದರೆ ಬಾಗಿಲಲ್ಲೇ ಹೇಳಿಬಿಡಿ. ನನ್ನ ಕೈ ಉಳಿಯುತ್ತದೆ. ಯಾವ ನಾಯಿ ಕಚ್ಚಿದರೂ, ಲಸಿಕೆ ಆದ ಸಾಕುನಾಯಿಯೇ ಆದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಬೆಕ್ಕನ್ನು ಅದೇ ದಿನ ತರಬೇಡಿ, ಅದಕ್ಕೆ ಬೇರೆ ದಿನ ಇಡಿ. ಬೊಗಳುವ ನಾಯಿಗಳ ನಡುವೆ ಕೂತ ಬೆಕ್ಕನ್ನು ಪರೀಕ್ಷೆ ಮಾಡುವುದು ನರಕ. ಸ್ಕೂಟರ್ ಮೇಲೆ ಎದೆಗೆ ಅವಚಿಕೊಂಡು ಬರುವುದಂತೂ ಬೇಡವೇ ಬೇಡ. ಒಂದು ಹಾರ್ನ್ ಸಾಕು, ನಿಮ್ಮ ಭುಜ ಪರಚಿ ಹಾರಿ ಹೋಗುತ್ತದೆ. ಮುಚ್ಚಳ ಇರುವ ಗಟ್ಟಿ ಬುಟ್ಟಿ ತೆಗೆದುಕೊಂಡು, ಕೆಲವು ದಿನ ಮುಂಚೆಯೇ ಮನೆಯಲ್ಲಿ ತೆರೆದಿಡಿ. ಒಳಗೆ ಅದು ಮಲಗುವ ಬಟ್ಟೆ ಹಾಸಿ. ದಾರಿಯಲ್ಲಿ ಮೇಲೊಂದು ಟವೆಲ್ ಹೊದಿಸಿ. ನಿಮ್ಮ ಮನೆಯಲ್ಲಿ ಎರಡೂ ಇರುವುದರಿಂದ ಇನ್ನೊಂದು ಎಚ್ಚರಿಕೆ. ನಾಯಿಯ ಉಣ್ಣಿಗೆ ಬೆನ್ನ ಮೇಲೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿಗೆ ಅದು ವಿಷ. ಮಿಕ್ಕಿದೆ ಅಂತ ಅದಕ್ಕೂ ಎರಡು ಹನಿ ಬಿಡಬೇಡಿ.

ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು, ತಿಣುಕಿ, ಏನೂ ಬರದೆ ಎದ್ದು ಹೋಗುತ್ತಿದ್ದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಮಲಬದ್ಧತೆ ಇರಬೇಕು ಅಂತ ಮನೆಯವರು ಎಣ್ಣೆ ಕುಡಿಸಿ ಸುಮ್ನೆ ಒಂದು ದಿನ ಕಳೆಯುತ್ತಾರೆ. ಮೂತ್ರನಾಳ ಕಟ್ಟಿಕೊಂಡಿದ್ದರೆ ಆ ಒಂದು ದಿನವೇ ಅದರ ಜೀವ. ಬೆಕ್ಕು ಬಾಯಿ ತೆರೆದು ಉಸಿರಾಡುವುದು, ವಸಡು ಬೆಳ್ಳಗಾಗುವುದು, ದೊಡ್ಡ ತಳಿಯ ನಾಯಿ ಹೊಟ್ಟೆ ಉಬ್ಬಿ ವಾಂತಿ ಬರದೆ ಓಕರಿಸುವುದು, ಮರಿ ವಾಂತಿ ಭೇದಿ ಜೊತೆ ಮಂಕಾಗುವುದು, ಇವೆಲ್ಲ ಕೂಡಲೇ ಹೊರಡಬೇಕಾದವು. ಹೊರಡುವಾಗ ಫೋನ್ ಮಾಡಿದರೆ ನಾವು ಟೇಬಲ್ ಖಾಲಿ ಮಾಡಿಟ್ಟಿರುತ್ತೇವೆ.

ಲಸಿಕೆ ಹಾಕಿದ ಕೂಡಲೇ ಎದ್ದು ಓಡಬೇಡಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ. ಅಪರೂಪಕ್ಕೆ ಕೆಲವಕ್ಕೆ ಮುಖ ಊದುತ್ತದೆ, ವಾಂತಿ ಆಗುತ್ತದೆ. ಹತ್ತಿರ ಇದ್ದರೆ ಅದಕ್ಕೆ ಅಲ್ಲೇ ಇಂಜೆಕ್ಷನ್ ಇದೆ. ಅವತ್ತು ಮರಿ ಸ್ವಲ್ಪ ಮಲಗಿಕೊಂಡೇ ಇದ್ದರೆ ಚಿಂತೆ ಇಲ್ಲ.

ದುಡ್ಡಿನ ಮಾತು ಮುಜುಗರ ಬಿಟ್ಟು ಆಡಿ. 'ಇಷ್ಟು ಟೆಸ್ಟ್‌ನಲ್ಲಿ ಇವತ್ತೇ ಮಾಡಲೇಬೇಕಾದದ್ದು ಯಾವುದು' ಅಂತ ಕೇಳಿ. ಒಳ್ಳೆ ಡಾಕ್ಟರ್ ಬಿಡಿಸಿ ಹೇಳುತ್ತಾರೆ. ಹೇಳದೆ ಮುಖ ಸಿಂಡರಿಸಿದರೆ ಮುಂದಿನ ಸಲ ಬೇರೆ ಕಡೆ ಹೋಗಿ, ಅಷ್ಟೇ. ಆದರೆ ಬರೆದುಕೊಟ್ಟ ಔಷಧಿಯನ್ನು ಮಧ್ಯದಲ್ಲಿ ನಿಲ್ಲಿಸಿ ದುಡ್ಡು ಉಳಿಸಬೇಡಿ. ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್‌ಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ನಾಲ್ಕು ದಿನಕ್ಕೆ ನಾಯಿ ಅನ್ನ ತಿನ್ನುತ್ತದೆ, ವಾರಕ್ಕೆ ಮಾತ್ರೆ ನಿಲ್ಲುತ್ತದೆ, ತಿಂಗಳಾದ ಮೇಲೆ ಪ್ಲೇಟ್‌ಲೆಟ್ ಬಿದ್ದು ಮೂಗಲ್ಲಿ ರಕ್ತ ಸುರಿಸಿಕೊಂಡು ವಾಪಸ್ ಬರುತ್ತದೆ. ಆಗ ಆಗುವ ಖರ್ಚು ಮೊದಲಿನದಕ್ಕಿಂತ ಎಷ್ಟೋ ಜಾಸ್ತಿ.

ಖಾಸಗಿ ಕ್ಲಿನಿಕ್ ಕೈಗೆಟುಕದಿದ್ದರೆ ಸರ್ಕಾರಿ ಪಶು ಆಸ್ಪತ್ರೆ ಇದೆ, ಅಲ್ಲಿಯೂ ನಾಯಿ ಬೆಕ್ಕು ನೋಡುತ್ತಾರೆ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲೂ ಇಂಥ ಕಾಲೇಜುಗಳಿವೆ. ಕಾಯಬೇಕಾಗುತ್ತದೆ, ಸುತ್ತ ವಿದ್ಯಾರ್ಥಿಗಳು ನಿಂತು ನೋಡುತ್ತಾರೆ, ಆದರೆ ಖರ್ಚು ತುಂಬಾ ಕಡಿಮೆ. 1962 ನಂಬರಿಗೆ ಫೋನ್ ಮಾಡಿದರೆ ಬರುವ ಸರ್ಕಾರಿ ಪಶು ಚಿಕಿತ್ಸಾ ಗಾಡಿ ಮುಖ್ಯವಾಗಿ ದನ, ಎಮ್ಮೆ, ಕುರಿ ಸಾಕುವ ರೈತರಿಗಾಗಿ ಇರುವುದು, ನಾಯಿಮರಿಯ ಲಸಿಕೆಗೆ ಅದನ್ನು ಕಾಯುತ್ತಾ ಕೂರಬೇಡಿ. ತಾಲೂಕು ಕಡೆ ಇದ್ದರೆ ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರ್ ಯಾವುದೋ ಹಳ್ಳಿಯಲ್ಲಿ ಹಸುವಿನ ಹೆರಿಗೆ ಮಾಡಿಸುತ್ತಿರುತ್ತಾರೆ.