ಡನ್‌ಕರ್ಕ್‌ಗೆ ಓನರೇ ಓಡಿಸ್ಕೊಂಡು ಹೋದ ಬೋಟು
ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಮಧ್ಯೆ ಸಿಕ್ಕಿಹಾಕ್ಕೊಂಡ ಸೈನಿಕರನ್ನ ಇಂಗ್ಲೆಂಡ್‌ಗೆ ಕರ್ಕೊಂಡು ಬರೋಕೆ ಫ್ರಾನ್ಸ್‌ನ ಡನ್‌ಕರ್ಕ್‌ಗೆ ಹೋದ ಪ್ರೈವೇಟ್ ಬೋಟ್‌ಗಳನ್ನ ಓನರ್‌ಗಳೇ ಓಡಿಸಿದ್ರಾ ಅಂತ ಕೇಳಿದ್ರಲ್ಲ, ಹೆಚ್ಚಿನವನ್ನ ನೇವಿಯವ್ರೇ ಓಡಿಸಿದ್ದು ಸರ್, ಆದ್ರೆ ಸಂಡೌನರ್ ಅನ್ನೋ ಬೋಟಿನ ಕಥೆ ಬೇರೆ. ಟೈಟಾನಿಕ್‌ನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದು ಬದುಕಿ ಬಂದ ಚಾರ್ಲ್ಸ್ ಲೈಟೋಲರ್ ಅವರ 58 ಅಡಿ ಮೋಟರ್‌ಬೋಟ್ ಅದು. ನೇವಿ ಬೋಟ್ ಕೇಳ್ದಾಗ 66 ವರ್ಷದ ಆ ಮನುಷ್ಯ ನಾನೇ ತಗೊಂಡು ಹೋಗ್ತೀನಿ ಅಂತ ಹಟ ಹಿಡಿದು, ಮಗ ರೋಜರ್ ಮತ್ತೆ ಒಬ್ಬ ಸೀ ಸ್ಕೌಟ್ (ದೋಣಿ ನಡೆಸೋದನ್ನ ಕಲಿಯೋ ಸ್ಕೌಟ್) ಹುಡುಗನ್ನ ಕರ್ಕೊಂಡು 1940ರ ಜೂನ್ 1ಕ್ಕೆ ಇಂಗ್ಲೆಂಡ್‌ನ ರಾಮ್ಸ್‌ಗೇಟ್ ಬಂದರಿನಿಂದ ಹೊರಟೇಬಿಟ್ರು. ವಾಪಸ್ ಬರುವಾಗ ಸುಮಾರು 130 ಸೈನಿಕರು, ಕೆಳಗಡೆ ಕಾಲಿಡೋಕೂ ಜಾಗ ಇಲ್ಲ, ಬೋಟ್ ವಾಲಬಾರ್ದು ಅಂತ ಮೇಲೆ ಡೆಕ್ಕಲ್ಲಿದ್ದವರನ್ನ ಮಲಗಿಸಿದ್ರಂತೆ. ಮೇಲಿಂದ ಶತ್ರು ವಿಮಾನ ಎರಗಿದಾಗ ತಪ್ಪಿಸ್ಕೊಂಡಿದ್ದು ಪೈಲಟ್ ಆಗಿದ್ದ ಅವರ ಇನ್ನೊಬ್ಬ ಮಗ ಹಿಂದೆ ಹೇಳಿಕೊಟ್ಟಿದ್ದ ಉಪಾಯದಿಂದ. ಆ ಮಗ ಯುದ್ಧ ಶುರುವಾದಾಗ್ಲೇ ತೀರಿಕೊಂಡಿದ್ದ, ಅದನ್ನ ಓದಿದಾಗ್ಲೆಲ್ಲ ಕರುಳು ಚುರ್ ಅನ್ನುತ್ತೆ ನಂಗೆ.