ಓದುಗರ ಪ್ರಶ್ನೆ: ಛೇದದಲ್ಲಿ ಕೂತ ಕರಣಿ

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. 5/(2√3 − 1)ರ ಛೇದದಿಂದ ಕರಣಿ (√3ರಂಥ ಮೂಲ) ತೆಗೆಯುವ ಲೆಕ್ಕ. ಅಂಶ, ಛೇದ ಎರಡನ್ನೂ ಸಂಯುಗ್ಮಿಯಿಂದಲೇ (ಛೇದದ ನಡುವಿನ ಚಿಹ್ನೆ ಬದಲಿಸಿದ ರೂಪದಿಂದ) ಗುಣಿಸಿ 2√3 + 1 ಎಂದು ಉತ್ತರ ಬರೆದಿದ್ದಾಳೆ. ತಪ್ಪೆಂದು ಗೀಟು ಬಿದ್ದಿದೆ. ಎಲ್ಲಿ ಎಡವಿದ್ದಾಳೆ?

ಉತ್ತರ: ಹಿಡಿದ ದಾರಿ ಸರಿ, ಎಡವಿದ್ದು ವರ್ಗ ಮಾಡುವಾಗ. (2√3)² ಅಂದರೆ 4 × 3 = 12. ಮೂಲದ ಹೊರಗಿನ 2ನ್ನು ವರ್ಗ ಮಾಡದೆ ಬಿಟ್ಟರೆ ಅದು 6 ಆಗುತ್ತದೆ; ಛೇದ 6 − 1 = 5, ಅಂಶದ 5ರ ಜೊತೆ ಹೊಡೆದುಹೋಗುತ್ತದೆ. ಉತ್ತರ ಇಷ್ಟು ಚೊಕ್ಕವಾಗಿ ಬಂದ ಮೇಲೆ ಮಕ್ಕಳಿಗೆ ಅನುಮಾನವೇ ಬರುವುದಿಲ್ಲ! ನಿಜವಾದ ಛೇದ 12 − 1 = 11. ಉತ್ತರ 5(2√3 + 1)/11.

ತಾಳೆ ನೋಡುವುದು ಸುಲಭ. √3 ಸುಮಾರು 1.732. ಪ್ರಶ್ನೆಯ ಬೆಲೆ 5 ÷ 2.464, ಅಂದರೆ 2.03ರ ಹತ್ತಿರ. 5 × 4.464 ÷ 11 ಕೂಡ ಅಷ್ಟೇ. ಮಗಳ ಉತ್ತರ 4.464, ಎರಡು ಪಟ್ಟಿಗಿಂತ ಹೆಚ್ಚು.

ಇನ್ನೊಂದು ಮಾತು: ಅಂಶಕ್ಕೆ ಆವರಣ ಹಾಕಿಸಿ. 5 × 2√3 + 1 ಎಂದು ಬರೆದರೆ ಮುಂದಿನ ಸಾಲಿನಲ್ಲಿ 1ಕ್ಕೆ 5ರ ಗುಣಾಕಾರ ತಪ್ಪಿಹೋಗುತ್ತದೆ.

ಪ್ರಶ್ನೆ: ಚಿಹ್ನೆ ಬದಲಿಸಲೇಬೇಕೇ? ಛೇದದಿಂದಲೇ ಗುಣಿಸಿದರೆ ಸಾಲದೇ?

ಉತ್ತರ: ಛೇದ √5 ಥರ ಒಂಟಿ ಪದವಾದರೆ ಸಾಕು. 3 + √2 ಆದರೆ ಸಾಲದು: (3 + √2)² = 11 + 6√2, ಕರಣಿ ಮಧ್ಯದ ಪದದಲ್ಲಿ ಉಳಿದೇಬಿಟ್ಟಿತು. 3 − √2ರಿಂದ ಗುಣಿಸಿದರೆ +3√2, −3√2 ಒಂದನ್ನೊಂದು ಕಳೆದುಕೊಂಡು 9 − 2 = 7 ಉಳಿಯುತ್ತದೆ. ಘನಮೂಲಕ್ಕೆ ಲೆಕ್ಕ ಬೇರೆ: 1/∛2ನ್ನು ∛2ರಿಂದಲ್ಲ, ∛4ರಿಂದ ಗುಣಿಸಬೇಕು. ಆಗ ಛೇದ ∛8, ಅಂದರೆ 2.

ಪ್ರಶ್ನೆ: ಛೇದದಲ್ಲಿ 1 + √2 + √3 ಹೀಗೆ ಮೂರು ಪದ ಬಂದರೆ?

ಉತ್ತರ: ಎರಡು ಪದಗಳನ್ನು ಒಂದು ಗುಂಪು ಮಾಡಿ, ಮೂರನೆಯದರ ಚಿಹ್ನೆ ಬದಲಿಸಿ. (1 + √2)² − 3 = 3 + 2√2 − 3 = 2√2. ಒಂದೇ ಪದ ಉಳಿಯಿತು; ಇನ್ನೊಮ್ಮೆ √2ರಿಂದ ಗುಣಿಸಿದರೆ 1/(1 + √2 + √3) = (2 + √2 − √6)/4. ಗುಂಪು ಮಾಡುವುದರಲ್ಲೇ ಜಾಣತನ ಇರುವುದು. √2 + √3ನ್ನು ಜೋಡಿ ಮಾಡಿದ್ದರೆ ಛೇದದಲ್ಲಿ −4 − 2√6 ಬಂದು ಮತ್ತೆ ಸಂಯುಗ್ಮಿ ಹುಡುಕಬೇಕಾಗುತ್ತಿತ್ತು. ಒಂದು ಕರಣಿಯ ಚಿಹ್ನೆ ಬದಲಿಸಿ ಗುಣಿಸುತ್ತಾ ಛೇದವನ್ನು ಒಂದೇ ಪದಕ್ಕೆ ಇಳಿಸುವ ಈ ಕ್ರಮವನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಕೊಟ್ಟಿದ್ದಾನೆ.

ಪ್ರಶ್ನೆ: ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಯಾಕೆ?

ಉತ್ತರ: ಕೂಡುವಾಗ ಗೊತ್ತಾಗುತ್ತದೆ. 1/(1 + √2) + 1/(√2 + √3) + … + 1/(√8 + √9) ಎಷ್ಟು? ಪ್ರತಿ ಪದವನ್ನೂ ಅಕರಣೀಕರಿಸಿದರೆ (ಛೇದದ ಕರಣಿ ತೆಗೆದರೆ) √2 − 1, √3 − √2, … ಕೊನೆಗೆ √9 − √8. ನಡುವಿನದೆಲ್ಲ ವಜಾ ಆಗಿ 3 − 1 = 2.