ರೋಮ್‌ನ ಟೆರ್ಮಿನಿ ಹತ್ತಿರ ಊಟ, ಕಾಫಿ

ಟೆರ್ಮಿನಿ ಸ್ಟೇಷನ್ ಪಕ್ಕದ ಹೋಟೆಲಲ್ಲಿದ್ದೀರಿ, ಊಟ ರುಚಿಸಲಿಲ್ಲ, ಒಂದು ಕಾಫಿಗೆ 5 ಯೂರೋ ಆಯಿತು ಅಂದಿರಿ. ಬಹುಶಃ ಸ್ಟೇಷನ್ ಎದುರಿನ ಸಾಲಲ್ಲೇ ಹುಡುಕಿದ್ದೀರಿ, ಕಾಫಿಯನ್ನು ಟೇಬಲ್‌ನಲ್ಲಿ ಕೂತು ಕುಡಿದಿದ್ದೀರಿ.

ಕಾಫಿ ಮೊದಲು. ಅಲ್ಲಿ ಕೌಂಟರ್ ದರ ಬೇರೆ, ಟೇಬಲ್ ದರ ಬೇರೆ. ನಮ್ಮ ದರ್ಶಿನಿಯ ಹಾಗೆ ನಿಂತೇ ಕುಡಿಯಿರಿ. ಎಷ್ಟೋ ಕಡೆ ಮೊದಲು ‘ಕಾಸ್ಸಾ’ದಲ್ಲಿ, ಅಂದರೆ ಕ್ಯಾಶ್ ಕೌಂಟರ್‌ನಲ್ಲಿ, ದುಡ್ಡು ಕೊಟ್ಟು, ಆ ಚೀಟಿಯನ್ನು ಕಾಫಿ ಕೊಡುವ ಕೌಂಟರ್ ಮೇಲೆ ಇಡಬೇಕು. ಬರೀ ‘ಕಾಫೆ’ ಅಂದರೆ ಎರಡು ಗುಟುಕಿನ ಕಪ್ಪು ಕಾಫಿ, ‘ಲಾತ್ತೆ’ ಅಂದರೆ ಬರೀ ಹಾಲು. ನಮ್ಮ ನಾಲಿಗೆಗೆ ಹತ್ತಿರ ಬರುವುದು ಕಪುಚಿನೋ. ಬೆಳಿಗ್ಗೆ ಅದನ್ನೇ ಕೇಳಿ, ಜೊತೆಗೊಂದು ಕೊರ್ನೆತ್ತೊ (ಕ್ರೋಸಾಂಟ್‌ನಂಥ ಸಿಹಿ ಬನ್ನು).

ಊಟಕ್ಕೆ 15 ನಿಮಿಷ ನಡೆದು ಮೋಂಟಿ ಅನ್ನೋ ಬಡಾವಣೆ ಕಡೆ ಹೋಗಿ. ವಿಯಾ ಉರ್ಬಾನಾ (‘ವಿಯಾ’ ಅಂದರೆ ರಸ್ತೆ) ಸುತ್ತಲಿನ ಸಣ್ಣ ಓಣಿಗಳಲ್ಲಿ ನೋಡಿ. ಬಾಗಿಲಲ್ಲಿ ನಿಂತು ಕರೆಯುವವರಿದ್ದರೆ, ಹತ್ತು ಭಾಷೆಯ ಫೋಟೋ ಮೆನು ಇದ್ದರೆ ಸುಮ್ನೆ ಮುಂದೆ ಹೋಗಿ. ರಾತ್ರಿ 7:30ಕ್ಕೆ ಮೊದಲು ಅಡುಗೆಮನೆ ತೆರೆಯದ ಜಾಗಗಳೇ ಜಾಸ್ತಿ. ಅದು ಒಳ್ಳೆಯ ಲಕ್ಷಣ, ಸ್ವಲ್ಪ ಕಾಯಿರಿ.

ನೀವು ಸಸ್ಯಾಹಾರಿಗಳೋ ಏನೋ, ಬರೆದಿಲ್ಲ. ಹೌದಾದರೆ ಪಿಜ್ಜಾ ಮರಿನಾರಾ ಸುರಕ್ಷಿತ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ. ಚೀಸ್, ಕಾಳುಮೆಣಸು ಹಾಕಿದ ಪಾಸ್ತಾ ಕಾಚೊ ಎ ಪೆಪೆಯಲ್ಲಿ ಮಾಂಸ ಕಾಣುವುದಿಲ್ಲ, ಆದರೆ ಅದರ ಪೆಕೊರಿನೊ ಚೀಸ್ ಕಟ್ಟಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಮಳೆ ಬಂದರೆ ಸ್ಟೇಷನ್ನಿನ ವಿಯಾ ಜೊಲಿತ್ತಿ ಬದಿಯಲ್ಲೇ ಮೆರ್ಕಾತೊ ಚೆಂತ್ರಾಲೆ ಇದೆ. ಒಂದೇ ಸೂರಿನಡಿ ಹಲವು ಅಡುಗೆಯವರ ಮಳಿಗೆಗಳು. ನೋಡಿ ಆರಿಸಬಹುದು.